ಒತ್ತಕ್ಷರಕ್ಕೂ ಜಾಗ ಬೇಕು

ಬೆಂಗಳೂರಿನ ಒಂದು ಕನ್ನಡ ಪುಸ್ತಕದಂಗಡಿಗೆ ನಾನು ಇಮೇಲ್ ಬರೆದುಕೊಡುತ್ತೇನೆ. ಹೊಸ ಪುಸ್ತಕ ಬಂದಾಗ, ಬಹುದಿನ ಸಿಗದಿದ್ದ ಪುಸ್ತಕ ಮರುಮುದ್ರಣವಾದಾಗ, ನವೆಂಬರಿನ ರಿಯಾಯಿತಿ ಶುರುವಾದಾಗ ಓದುಗರಿಗೆ ಹೋಗುವ ಪತ್ರಗಳು ಅವು. ಆ ಓದುಗರಲ್ಲಿ ಶಿರಸಿಯ ಮೇಷ್ಟ್ರಿದ್ದಾರೆ, ಧಾರವಾಡದ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ನ್ಯೂಜೆರ್ಸಿಯಲ್ಲಿ ಕೂತು ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ತಾಯಂದಿರಿದ್ದಾರೆ. ಈ ಕೆಲಸ ಹಿಡಿದಾಗ ಕೈಗೆ ಸಿಕ್ಕ ಪಾಠಗಳೆಲ್ಲ ಇಂಗ್ಲಿಷ್ ಪತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಗಲ 600 ಪಿಕ್ಸೆಲ್ ಇರಲಿ, ಒಂದೇ ಕಾಲಂ ಇರಲಿ, ಸಬ್ಜೆಕ್ಟ್ ಲೈನ್ ಚಿಕ್ಕದಿರಲಿ. ಎಲ್ಲವೂ ಸರಿಯೇ. ಆದರೆ ನಮ್ಮ ಸಾಲು ಮೇಲಕ್ಕೂ ಕೆಳಕ್ಕೂ ಚಾಚಿಕೊಳ್ಳುವ ಸಾಲು, ನಮ್ಮ ಪದಗಳು ಉದ್ದದವು. ಕನ್ನಡ ಪತ್ರ ಓದಿಸಿಕೊಳ್ಳಬೇಕಾದರೆ ಅಳತೆಯೂ ಕನ್ನಡದ್ದೇ ಆಗಬೇಕು. ಇಷ್ಟು ವರ್ಷ ಮಾಡಿದ ಕೆಲಸದಿಂದ ನನಗೆ ಖಚಿತವಾಗಿರುವುದು ಇದು.

ಸಾಲುಗಳ ನಡುವಿನ ಅಂತರವನ್ನೇ ನೋಡಿ. ‘ಸ್ವಾತಂತ್ರ್ಯ’ ಎಂದು ಬರೆದರೆ ಕೊನೆಯ ಅಕ್ಷರದ ಎರಡು ಒತ್ತುಗಳು ಸಾಲು ಬಿಟ್ಟು ಕೆಳಗಿಳಿಯುತ್ತವೆ. ಕೆಳಗಿನ ಸಾಲಿನಲ್ಲಿ ಅದೇ ಜಾಗಕ್ಕೆ ‘ಕಿಟಕಿ’ ಬಂದರೆ ಅದರ ಗುಡಿಸು ಮೇಲೇಳುತ್ತದೆ. ಇಂಗ್ಲಿಷ್ ಟೆಂಪ್ಲೇಟಿನ ಅಂತರವನ್ನು ಹಾಗೇ ಉಳಿಸಿಕೊಂಡರೆ ಎರಡೂ ಒಂದಕ್ಕೊಂದು ತಗಲಿ, ಓದುವವರ ಕಣ್ಣು ಅಲ್ಲಿ ತೊಡರುತ್ತದೆ. ನಾನು ಅಕ್ಷರವನ್ನು 17 ಅಥವಾ 18 ಪಿಕ್ಸೆಲ್ ಇಟ್ಟು, ಸಾಲಿನ ಎತ್ತರವನ್ನು ಅದರ 1.7 ಪಟ್ಟು ಕೊಡುತ್ತೇನೆ. ಪತ್ರ ಉದ್ದವಾಯಿತಲ್ಲ ಎಂದು ಕೇಳಿದವರಿಗೆ ನನ್ನ ಉತ್ತರ ಒಂದೇ: ಮಾತು ಕಡಿಮೆ ಮಾಡೋಣ, ಅಂತರ ಕಡಿಮೆ ಮಾಡುವುದು ಬೇಡ.

ದಪ್ಪಕ್ಷರವನ್ನು ಶೀರ್ಷಿಕೆಗಷ್ಟೇ ಇಟ್ಟುಕೊಂಡಿದ್ದೇನೆ. ಸಣ್ಣ ಗಾತ್ರದಲ್ಲಿ ದಪ್ಪ ಮಾಡಿದರೆ ‘ಷ’, ‘ಘ’, ‘ಛ’ಗಳ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಓರೆ ಅಕ್ಷರ ಕನ್ನಡದ ಗುಂಡು ಬರವಣಿಗೆಗೆ ಒಗ್ಗುವುದಿಲ್ಲ. ಎರಡೂ ಅಂಚು ಸಮ ಮಾಡುವ ಆಸೆಯನ್ನೂ ಬಿಡಬೇಕು. ಫೋನಿನ ಅಗಲಕ್ಕೆ ಒಂದು ಸಾಲಿನಲ್ಲಿ ಮೂರೋ ನಾಲ್ಕೋ ಕನ್ನಡ ಪದ ಹಿಡಿಯುತ್ತವೆ. ಅಂಚು ಸಮವಾಗಲೆಂದು ಅವನ್ನು ಎಳೆದರೆ ಪದಗಳ ನಡುವೆ ಬಿರುಕು ಬಿಡುತ್ತದೆ. ಎಡ ಅಂಚು ನೇರವಾಗಿದ್ದರೆ ಸಾಕು, ಬಲ ಅಂಚು ಬಂದಂತೆ ಬರಲಿ.

ಫಾಂಟಿನ ವಿಷಯದಲ್ಲಿ ನಮ್ಮ ಕೈಯಲ್ಲಿರುವುದು ಕಡಿಮೆ. ನಾವು ಆರಿಸಿದ ಚಂದದ ವೆಬ್ ಫಾಂಟನ್ನು ಜಿಮೇಲ್ ತರಿಸಿಕೊಳ್ಳುವುದಿಲ್ಲ. ಓದುವವರ ಸಾಧನದಲ್ಲಿ ಏನಿದೆಯೋ ಅದರಲ್ಲೇ ಅಕ್ಷರ ಮೂಡುತ್ತದೆ. ಆಂಡ್ರಾಯ್ಡಿನಲ್ಲಿ ಸಾಮಾನ್ಯವಾಗಿ ನೋಟೊ ಸಾನ್ಸ್ ಕನ್ನಡ, ಆಪಲ್ ಸಾಧನಗಳಲ್ಲಿ ಕನ್ನಡ ಸಂಗಮ್ ಎಂಎನ್, ವಿಂಡೋಸಿನಲ್ಲಿ ನಿರ್ಮಲಾ ಯುಐ ಅಥವಾ ಹಳೆಯ ತುಂಗಾ. ಒಂದೇ ಗಾತ್ರ ಕೊಟ್ಟರೂ ಒಂದರಲ್ಲಿ ಅಕ್ಷರ ತುಂಬಿಕೊಂಡು ಕಾಣುತ್ತದೆ, ಇನ್ನೊಂದರಲ್ಲಿ ಸೊರಗಿ ಕಾಣುತ್ತದೆ. ಹೀಗಾಗಿ ಕಳಿಸುವ ಮುಂಚೆ ಒಂದು ಅಗ್ಗದ ಆಂಡ್ರಾಯ್ಡ್ ಫೋನು, ಒಂದು ಐಫೋನು, ಒಂದು ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಪತ್ರವನ್ನು ತೆರೆದು ಪೂರ್ತಿ ಓದುತ್ತೇನೆ. ಅಗ್ಗದ ಫೋನಿನಲ್ಲಿ ಸಲೀಸಾಗಿ ಓದಲು ಬಂದರೆ ಮಿಕ್ಕ ಕಡೆಯೂ ಬಹುಮಟ್ಟಿಗೆ ಬರುತ್ತದೆ.

ಇಷ್ಟೆಲ್ಲ ಯಾಕೆ, ಡಿಸೈನರ್ ಮಾಡಿದ ಪೋಸ್ಟರನ್ನೇ ಚಿತ್ರವಾಗಿ ಕಳಿಸಿಬಿಡೋಣ ಎನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ವಾಟ್ಸ್ಆ್ಯಪಿನಲ್ಲಿ ಹಾಗೇ ಹೋಗುತ್ತದಲ್ಲ ಎಂಬುದು ಅವರ ವಾದ. ಇದಕ್ಕೆ ನಾನು ಒಪ್ಪುವುದಿಲ್ಲ. 1080 ಪಿಕ್ಸೆಲ್ ಅಗಲಕ್ಕೆ ಮಾಡಿದ ಪೋಸ್ಟರ್ ಫೋನಿನ ಅಗಲಕ್ಕೆ ಕುಗ್ಗಿದಾಗ ಬೆಲೆ, ಪುಟಸಂಖ್ಯೆ, ಲೇಖಕರ ಹೆಸರು ಇರುವೆ ಸಾಲಾಗುತ್ತವೆ. ಔಟ್‌ಲುಕ್‌ನಂಥ ಕಡೆ ಓದುಗರು ಅನುಮತಿ ಕೊಡುವ ತನಕ ಚಿತ್ರವೇ ಕಾಣದೆ ಖಾಲಿ ಚೌಕವಷ್ಟೇ ಉಳಿಯಬಹುದು. ಪೋಸ್ಟರಿನೊಳಗಿನ ಪುಸ್ತಕದ ಹೆಸರನ್ನು ಆರು ತಿಂಗಳ ನಂತರ ಮೇಲ್‌ಬಾಕ್ಸಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕಣ್ಣು ಕಾಣದ ಓದುಗರು ಬಳಸುವ ಸ್ಕ್ರೀನ್ ರೀಡರಿಗೆ ಅದರಲ್ಲಿ ಓದಲು ಒಂದಕ್ಷರವೂ ಇರುವುದಿಲ್ಲ. ಎನ್‌ವಿಡಿಎ, ಟಾಕ್‌ಬ್ಯಾಕ್‌ನಂಥ ತಂತ್ರಾಂಶಗಳು ಕನ್ನಡ ಪಠ್ಯವನ್ನು ದನಿ ಮಾಡಿ ಓದಬಲ್ಲವು. ನಾವು ಪಠ್ಯವನ್ನು ಪಠ್ಯವಾಗಿ ಕಳಿಸಬೇಕು, ಈ ಪತ್ರದ ಭಾಷೆ ಕನ್ನಡ ಎಂಬ ಗುರುತನ್ನು ಎಚ್‌ಟಿಎಂಎಲ್‌ನಲ್ಲಿ ಹಾಕಬೇಕು, ಮುಖಪುಟದ ಚಿತ್ರಕ್ಕೆ ಒಂದು ಸಾಲಿನ ಬದಲಿ ಪಠ್ಯ ಕೊಡಬೇಕು. ಕನ್ನಡ ಪುಸ್ತಕ ಮಾರುವ ಅಂಗಡಿ ಕನ್ನಡ ಕೇಳಿಸಿಕೊಂಡು ಓದುವವರನ್ನು ಹೊರಗಿಡುವುದು ನನ್ನಿಂದ ಸಹಿಸಲಾಗದ ಸಂಗತಿ.

ಪಠ್ಯ ಕಳಿಸುವುದರಲ್ಲೂ ನಮ್ಮದೇ ತೊಡಕಿದೆ. ಪ್ರಕಾಶಕರಿಂದ ಬರುವ ಬೆನ್ನುಡಿ ಎಷ್ಟೋ ಸಲ ಡಿಟಿಪಿ ಕಡತದಿಂದ ಬಂದಿರುತ್ತದೆ. ಯೂನಿಕೋಡಿಗಿಂತ ಹಿಂದಿನ ಫಾಂಟಿನ ಆ ಪಠ್ಯವನ್ನು ಇಮೇಲಿಗೆ ಅಂಟಿಸಿದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದರೂ ಕೆಲಸ ಮುಗಿಯುವುದಿಲ್ಲ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರಬಹುದು, ದೀರ್ಘ ಕಳಚಿರಬಹುದು. ನಾನು ಪರಿವರ್ತಿತ ಪಠ್ಯವನ್ನು ಗಟ್ಟಿಯಾಗಿ ಓದಿ ತಿದ್ದುತ್ತೇನೆ. ಲೇಖಕರ ಹೆಸರು ತಪ್ಪಾಗಿ ಹೋದ ಪತ್ರಕ್ಕೆ ಎಷ್ಟು ಅಂದದ ವಿನ್ಯಾಸವಿದ್ದರೇನು?

ಇನ್ನೊಂದು ಲೆಕ್ಕ ಕನ್ನಡದವರು ತಿಳಿದಿರಲೇಬೇಕಾದ್ದು. ಪತ್ರದ ಎಚ್‌ಟಿಎಂಎಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಅಲ್ಲಿಗೇ ಕತ್ತರಿಸಿ, ಪೂರ್ತಿ ಓದಲು ಇನ್ನೊಂದು ಲಿಂಕ್ ತೋರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟಿನಲ್ಲಿ ಕೂರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಒಳಗೆ 6 ಸಂಕೇತ, ಅಂದರೆ 18 ಬೈಟ್. ಕನ್ನಡವನ್ನು ಅಂಕಿಗಳ ಸಂಕೇತವಾಗಿ ಬದಲಿಸಿ ಉಳಿಸುವ ಸಾಧನ ಬಳಸಿದರಂತೂ ಒಂದೊಂದಕ್ಕೆ 7 ಬೈಟ್ ಆಗಿ, ಅದೇ ‘ಸ್ತ್ರೀ’ 42 ಬೈಟಿಗೆ ಏರುತ್ತದೆ. ಕತ್ತರಿ ಬೀಳುವುದು ಪತ್ರದ ಬುಡಕ್ಕೆ. ವಿಳಾಸ, ಫೋನ್ ನಂಬರು, ಪಟ್ಟಿಯಿಂದ ಹೊರಬರುವ ಲಿಂಕ್ ಇರುವುದೇ ಅಲ್ಲಿ. ಅದಕ್ಕಾಗಿ ಕಡತದ ತೂಕ ನೋಡದೆ ನಾನು ಯಾವ ಪತ್ರವನ್ನೂ ಬಿಡುವುದಿಲ್ಲ.

ಸಬ್ಜೆಕ್ಟ್ ಲೈನಿಗೆ ಬರೋಣ. ನಮ್ಮಲ್ಲಿ ಪತ್ರ ಶುರುವಾಗುವುದೇ ಉಪಚಾರದಿಂದ. ‘ನಮ್ಮ ಎಲ್ಲ ಆತ್ಮೀಯ ಓದುಗ ಬಂಧುಗಳಿಗೆ ಕನ್ನಡ ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು’ ಎಂದು ಬರೆದರೆ ಫೋನಿನಲ್ಲಿ ಕಾಣುವುದು ‘ನಮ್ಮ ಎಲ್ಲ ಆತ್ಮೀಯ ಓದುಗ’ ತನಕ, ಮುಂದೆ ಮೂರು ಚುಕ್ಕಿ. ಶುಭಾಶಯ ಪತ್ರದೊಳಗೆ ಇರಲಿ. ‘ಕರ್ವಾಲೊ ಮತ್ತೆ ಸಿಗುತ್ತಿದೆ’ ಎಂದರೆ ತೇಜಸ್ವಿ ಓದುಗರು ಕೈಲಿದ್ದ ಕೆಲಸ ಬಿಟ್ಟು ತೆರೆಯುತ್ತಾರೆ. ಮೊದಲ ಎರಡು ಪದಗಳಲ್ಲಿ ಪುಸ್ತಕ ಅಥವಾ ಲೇಖಕರು ಬಂದುಬಿಡಬೇಕು. ಸಬ್ಜೆಕ್ಟಿನ ಪಕ್ಕದಲ್ಲಿ ಮಸುಕಾಗಿ ಕಾಣುವ ಮುನ್ನೋಟದ ಸಾಲನ್ನೂ ನಾವೇ ಬರೆಯಬೇಕು. ಬಿಟ್ಟರೆ ‘ಪತ್ರ ಸರಿಯಾಗಿ ಕಾಣದಿದ್ದರೆ ಬ್ರೌಸರಿನಲ್ಲಿ ನೋಡಿ’ ಎಂಬಂಥ ವಾಕ್ಯ ಅಲ್ಲಿಗೆ ಬಂದು ಕೂರುತ್ತದೆ. ಅಷ್ಟು ಬೆಲೆಬಾಳುವ ಜಾಗದಲ್ಲಿ ನಾನು ಪುಟ ಎಷ್ಟು, ಬೆಲೆ ಎಷ್ಟು ಎಂದು ಬರೆಯುತ್ತೇನೆ.

ಹೆಸರು ಹಿಡಿದು ಕರೆಯುವುದು ಚೆಂದ, ಆದರೆ ಹುಷಾರಾಗಿರಬೇಕು. ಪಟ್ಟಿಯಿಂದ ಹೆಸರು ತಂದು ಸೇರಿಸುವ ಯಂತ್ರಕ್ಕೆ ಸಂಧಿ, ವಿಭಕ್ತಿ ಗೊತ್ತಿಲ್ಲ. ‘ಸುಮಾ’ಗೂ ‘ರಮೇಶ್’ಗೂ ‘ಮಂಜು’ಗೂ ಒಂದೇ ಪ್ರತ್ಯಯ ಅಂಟಿಸಿದರೆ ಕಿವಿಗೆ ಹೊಡೆಯುತ್ತದೆ. ಹೆಸರಿನ ಮುಂದೆ ಬಿಡಿಯಾಗಿ ‘ಅವರೇ’ ಎಂದಿಟ್ಟರೆ ಎಲ್ಲರಿಗೂ ಸಲ್ಲುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಪಟ್ಟಿಯಲ್ಲಿ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲೇ ಇದ್ದರೆ ‘ಪ್ರಿಯ ಓದುಗರೇ’ ಎನ್ನುವುದು ಲೇಸು.

ಒಳಗಿನ ವಿಷಯದಲ್ಲಿ ನಾನು ಹಟ ಹಿಡಿಯುವುದು ಒಂದಕ್ಕೆ: ಒಂದು ಪತ್ರಕ್ಕೆ ಒಂದು ಮುಖ್ಯ ಪುಸ್ತಕ. ರಿಯಾಯಿತಿಯ ತಿಂಗಳಲ್ಲಿ ನೂರಾರು ಪುಸ್ತಕಗಳಿದ್ದರೂ ಮೇಲೆ ಒಂದೇ, ಅದರ ಕೆಳಗೆ ಇನ್ನೆರಡು, ಉಳಿದದ್ದಕ್ಕೆ ಒಂದು ಲಿಂಕ್. ‘ಅದ್ಭುತ’, ‘ಅಮೋಘ’ ಎಂಬ ಮಾತುಗಳನ್ನು ಹೊಡೆದು ಹಾಕಿ, ಪುಸ್ತಕದೊಳಗೆ ಏನಿದೆ ಎಂದು ಎರಡು ವಾಕ್ಯ ಬರೆಯುತ್ತೇನೆ. ಆಮೇಲೆ ಬೆಲೆ, ಅಂಚೆ ವೆಚ್ಚ, ಎಷ್ಟು ದಿನದಲ್ಲಿ ತಲುಪುತ್ತದೆ ಎಂಬ ಮಾಹಿತಿ. ಅಂಚೆ ವೆಚ್ಚವನ್ನು ಕೊನೆಯ ಪುಟದ ತನಕ ಮುಚ್ಚಿಡುವುದು ಓದುಗರಿಗೆ ಮಾಡುವ ಅನ್ಯಾಯ. ಹೊರದೇಶದವರಿಗಂತೂ ಕೆಲವೊಮ್ಮೆ ಅದು ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಬಟನ್ ಮೇಲೆ ‘ಇಲ್ಲಿ ಒತ್ತಿ’ ಎನ್ನುವ ಬದಲು ‘ಕರ್ವಾಲೊ ತರಿಸಿಕೊಳ್ಳಿ’ ಎಂದು ಬರೆದರೆ ಒತ್ತಿದಾಗ ಏನಾಗುತ್ತದೆಂದು ಗೊತ್ತಾಗುತ್ತದೆ. ಬಟನ್ ಎತ್ತರ 44 ಪಿಕ್ಸೆಲಿಗೆ ಕಡಿಮೆಯಾದರೆ ಬೆರಳು ತಪ್ಪುತ್ತದೆ. ಹಿನ್ನೆಲೆಗೂ ಅಕ್ಷರಕ್ಕೂ ಕನಿಷ್ಠ 4.5:1ರ ವ್ಯತ್ಯಾಸವಿರಲಿ ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. ಹಳದಿಯ ಮೇಲೆ ಕೆಂಪು ನಮ್ಮ ಅಭಿಮಾನದ ಬಣ್ಣ, ನಿಜ. ಅದು ಪಟ್ಟಿಯಾಗಿ ಮೇಲಿರಲಿ. ಓದುವ ಪಠ್ಯ ಬಿಳಿಯ ಮೇಲೆ ಗಾಢ ಬಣ್ಣದಲ್ಲಿರಲಿ. ವಿಂಡೋಸಿನ ಹಳೆಯ ಔಟ್‌ಲುಕ್ 2007ರಿಂದ ವರ್ಡ್ ತಂತ್ರಾಂಶದ ರೀತಿಯಲ್ಲೇ ಪತ್ರ ಮೂಡಿಸುತ್ತದಾದ್ದರಿಂದ, ಸಂಕೀರ್ಣ ವಿನ್ಯಾಸ ಬಿಟ್ಟು ಸರಳ ಕೋಷ್ಟಕದಲ್ಲೇ ಪತ್ರ ಕಟ್ಟುತ್ತೇನೆ.

ವ್ಯಾಪಾರದ ಇಮೇಲಿನ ಇತಿಹಾಸದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಕಥೆಯೊಂದಿದೆ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಕರೆಯುವ ಒಂದೇ ಪತ್ರವನ್ನು ಅರ್ಪಾನೆಟ್‌ನ ಸುಮಾರು 400 ಜನರಿಗೆ ಕಳಿಸಿದ. ವಿಳಾಸಗಳು ತಮ್ಮ ಜಾಗದಲ್ಲಿ ಹಿಡಿಸದೆ ಪತ್ರದ ಒಡಲಿಗೇ ಉಕ್ಕಿ ಹರಿದವು. ಆಹ್ವಾನ ಓದಬೇಕೆಂದರೆ ಮೊದಲು ವಿಳಾಸಗಳ ರಾಶಿ ದಾಟಬೇಕಿತ್ತು. ಅದಕ್ಕಿಂತ ದೊಡ್ಡ ದೂರು, ಆ ಜನ ಅದನ್ನು ಕೇಳಿಯೇ ಇರಲಿಲ್ಲ ಎಂಬುದು. ಸಾಹಿತ್ಯ ಸಮ್ಮೇಳನಕ್ಕೆ ಬಂದವರ ವಿಳಾಸದ ಪಟ್ಟಿ ಇದೆ, ಸೇರಿಸಿಬಿಡಿ ಎಂದು ಯಾರಾದರೂ ಪ್ರೀತಿಯಿಂದಲೇ ಹೇಳಿದಾಗ ನಾನು ಈ ಕಥೆ ಹೇಳಿ ಕೈಮುಗಿಯುತ್ತೇನೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳುವಂತಿರಬೇಕು ಎಂದು ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರು ತಮ್ಮ ಗುರುತನ್ನು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂಲಕ ಸಾಬೀತುಪಡಿಸಬೇಕು, ಸ್ಪ್ಯಾಮ್ ದೂರು ಶೇ. 0.3ನ್ನು ಮುಟ್ಟಬಾರದು ಎಂದು ಜಿಮೇಲ್ 2024ರ ಫೆಬ್ರುವರಿಯಿಂದ ನಿಯಮ ತಂದಿತು. ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ದಾರಿಯನ್ನೂ ಅದು ಕೇಳುತ್ತದೆ. ನಮ್ಮ ಅಂಗಡಿ ಅಷ್ಟು ದೊಡ್ಡದಲ್ಲ. ಆದರೂ ‘ಪತ್ರ ಬೇಡ’ ಎಂಬ ಲಿಂಕನ್ನು ಪಠ್ಯದಷ್ಟೇ ದೊಡ್ಡ ಅಕ್ಷರದಲ್ಲಿ ಇಟ್ಟಿದ್ದೇವೆ. ಬೇಡವೆಂದವರು ಬೇಸರವಿಲ್ಲದೆ ಹೋದರೆ ಮುಂದೊಮ್ಮೆ ಅಂಗಡಿಗೇ ಬಂದಾರು.

ಕಳಿಸುವ ಹೊತ್ತನ್ನೂ ಬೇರೆ ಮಾಡಿದ್ದೇವೆ. ನವೆಂಬರ್ ನಡುವಿನಲ್ಲಿ ನಮ್ಮ ಬೆಳಗಿನ 10 ಗಂಟೆ ಎಂದರೆ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ 11.30. ಅಲ್ಲಿಯವರಿಗೆ ಪತ್ರ ನಮ್ಮ ಸಂಜೆ ಹೊರಡುತ್ತದೆ. ಎಷ್ಟು ಜನ ತೆರೆದರು ಎಂಬ ಲೆಕ್ಕವನ್ನು ಈಗ ನಾನು ನೆಚ್ಚುವುದಿಲ್ಲ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪಿಗೆ ಖಾಸಗಿತನದ ರಕ್ಷಣೆ ತಂದ ಮೇಲೆ, ಅದನ್ನು ಒಪ್ಪಿಕೊಂಡವರ ಪತ್ರದ ಚಿತ್ರಗಳು ತಾವಾಗಿಯೇ ಇಳಿದುಬಿಡುತ್ತವೆ, ಓದದಿದ್ದರೂ ತೆರೆದಂತೆ ಎಣಿಕೆಯಾಗುತ್ತದೆ. ಯಾರು ಯಾವ ಪುಸ್ತಕದ ಲಿಂಕ್ ಒತ್ತಿದರು, ಯಾರು ಮರುಪತ್ರ ಬರೆದರು ಎಂಬುದನ್ನು ನೋಡುತ್ತೇನೆ. ನಮ್ಮ ಪತ್ರಕ್ಕೆ ಯಾರು ಬೇಕಾದರೂ ನೇರವಾಗಿ ಉತ್ತರಿಸಬಹುದು, ಆ ಉತ್ತರವನ್ನು ಕೌಂಟರಿನಲ್ಲಿರುವವರೇ ಓದುತ್ತಾರೆ. ‘ಇದರ ಎರಡನೇ ಸಂಪುಟ ಇದೆಯಾ?’, ‘ಅಮ್ಮನಿಗೆ ಕೊಡಬೇಕು, ದೊಡ್ಡ ಅಕ್ಷರದ ಆವೃತ್ತಿ ಇದ್ದರೆ ತಿಳಿಸಿ’ ಎಂಬಂಥ ಪ್ರಶ್ನೆಗಳು ಅಲ್ಲಿಂದ ಬರುತ್ತವೆ. ಮುಂದಿನ ಪತ್ರದಲ್ಲಿ ಮೇಲೆ ಯಾವ ಪುಸ್ತಕ ಬರಬೇಕೆಂದು ಅವುಗಳನ್ನು ಓದಿದ ಮೇಲೆಯೇ ಆರಿಸುತ್ತೇವೆ.