ಗಾಲಿ, ಬೆಲ್ಟು ಒಂದೇ ಸಾಲಿನಲ್ಲಿವೆಯೇ? ದಾರ ಹಿಡಿದು ನೋಡಿ



ಕ್ಯಾನು ಹೊತ್ತು ಸಂಘಕ್ಕೆ ಹೋಗುವ ಮೋಟಾರ್ ಸೈಕಲ್ಲಿನ ಎರಡು ಗಾಲಿಗಳು, ಮೇವು ಕತ್ತರಿಸುವ ಯಂತ್ರದ ಎರಡು ಪುಲ್ಲಿಗಳು ತಂತಮ್ಮ ಜೊತೆಯೊಂದಿಗೆ ಒಂದೇ ಸಾಲಿನಲ್ಲಿರಬೇಕು. ಸಾಲು ತಪ್ಪಿದರೆ ಟೈರು, ಚೈನು, ಬೆಲ್ಟು ಬೇಗ ಸವೆಯುತ್ತವೆ. ದಾರಿಯಲ್ಲಿ ಚೈನು ಕಳಚಿದರೆ ಹಾಲು ತಡವಾಗಿ ಕೆಡಬಹುದು. ಕಳಚಿದ ಚೈನು ಹಿಂದಿನ ಗಾಲಿಗೆ ಸಿಕ್ಕಿಕೊಂಡರೆ ಸವಾರನ ಪ್ರಾಣಕ್ಕೇ ಅಪಾಯ.

ಇದನ್ನು ಪರೀಕ್ಷಿಸಲು ದುಬಾರಿ ಸಾಧನ ಬೇಕಿಲ್ಲ. ಗಾರೆ ಕೆಲಸದವರು ಗೋಡೆಯ ನೇರ ನೋಡುವಂಥ 5 ಮೀಟರ್ ದಾರ ಸಾಕು.

ಮೋಟಾರ್ ಸೈಕಲ್

1. ಇಂಜಿನ್ ನಿಲ್ಲಿಸಿ. ಸಮನೆಲದಲ್ಲಿ ಮನೆಯವರೊಬ್ಬರು ಗಾಡಿಯನ್ನು ನೆಟ್ಟಗೆ ಹಿಡಿದುಕೊಳ್ಳಲಿ. ಸ್ಟ್ಯಾಂಡ್ ಮಡಚಿರಲಿ.

2. ದಾರದ ನಡುಭಾಗವನ್ನು ಹಿಂದಿನ ಟೈರಿನ ಹಿಂಬದಿಗೆ ಕೊಟ್ಟು, ತುದಿಗಳನ್ನು ಎರಡೂ ಬದಿಯಿಂದ ಮುಂದಿನ ಗಾಲಿಯ ಆಚೆಗೆ ಎಳೆದು ಹಿಡಿಯಿರಿ. ದಾರ ನಡುವೆ ಎಲ್ಲಿಯೂ ತಡೆಯಬಾರದು. ಹಿಂದಿನ ಟೈರಿನ ಎರಡೂ ಅಂಚುಗಳನ್ನು ಮಾತ್ರ ಹಗುರವಾಗಿ ಮುಟ್ಟಬೇಕು.

3. ಮುಂದಿನ ಗಾಲಿಯನ್ನು ನೇರ ಮಾಡಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಟೈರು ಅಗಲವಾದ್ದರಿಂದ ಮುಂದಿನ ಟೈರಿಗೂ ದಾರಕ್ಕೂ ನಡುವೆ ಸಂದು ಕಾಣುತ್ತದೆ. ಎರಡೂ ಬದಿಯ ಸಂದು ಸಮನಾಗಿದ್ದರೆ ಸಾಲು ಸರಿ. ಇಲ್ಲದಿದ್ದರೆ ಹಿಂದಿನ ಗಾಲಿ ಓರೆಯಾಗಿರಬಹುದು.

4. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಆಕ್ಸಲ್ ನಟ್ಟು ಸಡಿಲಿಸಿ, ಚೈನು ಬಿಗಿಸುವ ಎರಡೂ ಕಡೆಯ ನಟ್ಟುಗಳಿಂದ ಗಾಲಿಯನ್ನು ನೇರಕ್ಕೆ ತನ್ನಿ. ಅಲ್ಲಿರುವ ಗೆರೆ ಗುರುತುಗಳು ಎರಡೂ ಕಡೆ ಒಂದೇ ಆಗಿರಲಿ. ಗುರುತು ಸರಿಯಿದ್ದೂ ದಾರ ಓರೆ ತೋರಿಸಿದರೆ ಫ್ರೇಮ್ ಅಥವಾ ಫೋರ್ಕ್ ಬಾಗಿರಬಹುದು. ಮೆಕ್ಯಾನಿಕ್‌ಗೆ ತೋರಿಸಿ.

5. ಚೈನಿನ ಕೆಳಭಾಗದ ನಡುವೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟವಿರಬೇಕು. ನಿಮ್ಮ ಗಾಡಿಯ ಅಳತೆ ಅದರ ಪುಸ್ತಿಕೆಯಲ್ಲಿದೆ. ಅತಿಯಾಗಿ ಬಿಗಿಯಬೇಡಿ. ಕ್ಯಾನಿನ ಭಾರಕ್ಕೆ ಹಿಂಭಾಗ ಕುಸಿದಾಗ ಚೈನು ಇನ್ನಷ್ಟು ಬಿಗಿಯುತ್ತದೆ.

6. ಆಕ್ಸಲ್ ನಟ್ಟು ಭದ್ರಪಡಿಸಿ, ಹಿಂದಿನ ಬ್ರೇಕನ್ನು ತಪ್ಪದೆ ಪರೀಕ್ಷಿಸಿ. ಗಾಲಿ ಸರಿದಾಗ ಬ್ರೇಕಿನ ಹಿಡಿತವೂ ಬದಲಾಗುತ್ತದೆ.

ಗಾಲಿ ಸರಿಯಿದ್ದರೂ ಒಂದೇ ಬದಿಗೆ ಕ್ಯಾನು ತೂಗುಹಾಕಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ. ಎರಡೂ ಬದಿಗೆ ಭಾರ ಸಮನಾಗಿರಲಿ.

ಮೇವು ಕತ್ತರಿಸುವ ಯಂತ್ರ

ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತುಬಿಡಿ. ಎರಡೂ ಪುಲ್ಲಿಗಳ ಅಂಚಿನ ದಪ್ಪ ಒಂದೇ ಆಗಿದ್ದರೆ, ಅವುಗಳ ಮುಖಕ್ಕೆ ಅಡ್ಡಲಾಗಿ ದಾರ ಎಳೆದು ಹಿಡಿಯಿರಿ. ದಾರ ಪ್ರತಿ ಪುಲ್ಲಿಯ ಎರಡು ಅಂಚುಗಳಂತೆ ಒಟ್ಟು ನಾಲ್ಕು ಕಡೆ ತಾಗಬೇಕು. ತಾಗದಿದ್ದರೆ ಮೋಟಾರಿನ ತಳದ ಬೋಲ್ಟು ಸಡಿಲಿಸಿ ಸರಿಸಿ.

ಬೆಲ್ಟಿನ ಬಿಗಿತಕ್ಕೂ ಒಂದು ಲೆಕ್ಕವಿದೆ. ಪುಲ್ಲಿಗಳ ನಡುವೆ ಬೆಲ್ಟಿನ ಉದ್ದ 64 ಸೆಂ.ಮೀ. ಇದ್ದರೆ, ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 1 ಸೆಂ.ಮೀ. ತಗ್ಗಬೇಕು. ಸಡಿಲವಾದರೆ ಬೆಲ್ಟು ಜಾರಿ ಸುಡುತ್ತದೆ. ಬಿಗಿಯಾದರೆ ಬೇರಿಂಗ್ ಹಾಳಾಗುತ್ತದೆ. ಹೊಸ ಬೆಲ್ಟು ಹಿಗ್ಗುವುದರಿಂದ ಒಂದು ದಿನ ಓಡಿಸಿದ ಮೇಲೆ ಮತ್ತೆ ನೋಡಿ. ಬೆಲ್ಟಿನ ಮುಚ್ಚಳವನ್ನು ಹಾಕದೆ ಯಂತ್ರ ಚಾಲೂ ಮಾಡಬೇಡಿ. ಸೀರೆಯ ಸೆರಗು, ಮಕ್ಕಳ ಕೈ ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು.

ತಿಂಗಳಿಗೊಮ್ಮೆ, ಬೆಳಗಿನ ಹಾಲು ಹಾಕಿ ಬಂದ ಮೇಲೆ, ಅರ್ಧ ಗಂಟೆ ಇದಕ್ಕಾಗಿ ಮೀಸಲಿಡಿ.