ಗೇರ್‌ಬಾಕ್ಸ್ ಎಣ್ಣೆ: ಬಿಸಿ ನೋಡಿ ಮಟ್ಟ ಹಿಡಿಯಿರಿ

ಪಿಕಪ್ ಇಟ್ಟುಕೊಂಡವರು ಎಂಜಿನ್ ಆಯಿಲನ್ನು ಮನೆಯಂಗಳದಲ್ಲೇ ಬದಲಿಸಿಕೊಳ್ಳುವುದು ಹೊಸದೇನಲ್ಲ. ಅದೇ ಧೈರ್ಯದಲ್ಲಿ ಈಗ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೂ ಸ್ಪ್ಯಾನರ್ ಹಚ್ಚುತ್ತಿದ್ದಾರೆ. ಹಚ್ಚಲಿ, ತಿಳಿದು ಮಾಡಿದರೆ ಅದೂ ಮನೆಯಲ್ಲೇ ಆಗುವ ಕೆಲಸ. ಎಡವಟ್ಟಾಗುವುದು ಎಣ್ಣೆ ತುಂಬಿದ ಮೇಲೆ. ಎಷ್ಟು ಹೊರಬಂತೋ ಅಷ್ಟನ್ನೇ ಅಳೆದು ಸುರಿದು, ಪ್ಲಗ್ ಬಿಗಿದು, ಗಾಡಿ ಹೊರಡಿಸಿಬಿಡುತ್ತಾರೆ. ಎಂಜಿನ್ನಿಗೆ ಈ ಲೆಕ್ಕ ನಡೆಯುತ್ತದೆ, ಯಾಕೆಂದರೆ ಆಮೇಲೆ ಡಿಪ್‌ಸ್ಟಿಕ್ ತೆಗೆದು ನೋಡಬಹುದು. ಬಿಡದಿಯಲ್ಲಿ ಜೋಡಣೆಯಾಗುವ ಟೊಯೊಟಾ ಹೈಲಕ್ಸ್‌ನ ಆರು ಗೇರಿನ ಆಟೊಮ್ಯಾಟಿಕ್ಕನ್ನೇ ತೆಗೆದುಕೊಳ್ಳಿ. ಅದರ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಎಂಜಿನ್ ಓಡುತ್ತಿರುವಾಗ, ಎಣ್ಣೆ ನಿಗದಿತ ಬಿಸಿಯಲ್ಲಿರುವಾಗ, ತಳದ ಓವರ್‌ಫ್ಲೋ ಪ್ಲಗ್ ಬಿಚ್ಚಿ ಹೆಚ್ಚಾದದ್ದು ಹರಿದುಹೋಗಲು ಬಿಡುವುದೊಂದೇ ಮಟ್ಟ ತಿಳಿಯುವ ದಾರಿ. ಈ ಒಂದು ಹೆಜ್ಜೆ ಬಿಟ್ಟರೆ ಉಳಿದದ್ದನ್ನೆಲ್ಲ ಸರಿಯಾಗಿ ಮಾಡಿಯೂ ಪ್ರಯೋಜನವಿಲ್ಲ.

ಮೊದಲು ಬದಲಿಸಬೇಕೇ ಎಂಬ ಪ್ರಶ್ನೆ. ‘ಇದು ಜೀವಮಾನದ ಎಣ್ಣೆ, ಮುಟ್ಟಬೇಡಿ’ ಎನ್ನುವವರು ಬಹಳ ಮಂದಿ. ಯಾರ ಜೀವಮಾನ ಎಂದು ಅವರು ಹೇಳುವುದಿಲ್ಲ. ಈ ಪೆಟ್ಟಿಗೆಯಲ್ಲಿ ಎಣ್ಣೆಯ ಕೆಲಸ ಬರೀ ಜಾರಿಸುವುದಲ್ಲ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಬಲವನ್ನು ಮುಂದಕ್ಕೆ ದಾಟಿಸುವುದು ಅದೇ, ಒತ್ತಡ ಹೇರಿ ಕ್ಲಚ್‌ಗಳನ್ನು ಹಿಡಿಸುವುದು ಅದೇ, ಬಿಸಿಯನ್ನು ಕೂಲರ್‌ವರೆಗೆ ಹೊತ್ತೊಯ್ಯುವುದೂ ಅದೇ. ಬಿಸಿಗೆ ಎಣ್ಣೆ ಆಕ್ಸಿಡೀಕರಣಗೊಂಡು ಕಂದುತ್ತದೆ, ಕ್ಲಚ್‌ಗಳ ಪುಡಿ ಅದರಲ್ಲಿ ಬೆರೆಯುತ್ತದೆ, ಹಿಡಿತವನ್ನು ನಯವಾಗಿಡಲು ಸೇರಿಸಿದ ರಾಸಾಯನಿಕಗಳು ಸವೆಯುತ್ತವೆ. ಅಡಿಕೆ ಮೂಟೆ ಹೇರಿಕೊಂಡು ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿಳಿಯುವ ಗಾಡಿಗೂ ಹೆದ್ದಾರಿಯಲ್ಲಿ ಒಬ್ಬರೇ ಕೂತು ಓಡಿಸುವ ಗಾಡಿಗೂ ಒಂದೇ ಆಯುಸ್ಸು ಹೇಗಾದೀತು? ಸರ್ವಿಸ್ ಪುಸ್ತಕದಲ್ಲಿ ಕಠಿಣ ಬಳಕೆಗೆಂದು ಪ್ರತ್ಯೇಕ ಅವಧಿ ಕೊಟ್ಟಿದ್ದರೆ ನಮ್ಮ ಬಹುಪಾಲು ಪಿಕಪ್‌ಗಳು ಸೇರುವುದು ಆ ಸಾಲಿಗೇ.

ಇದಕ್ಕೆ ಎದುರು ಮಾತೂ ಇದೆ: ‘ತುಂಬ ಓಡಿದ ಗಾಡಿಯ ಎಣ್ಣೆ ತೆಗೆದರೆ ಗೇರ್‌ಬಾಕ್ಸ್ ಕೂತೇ ಹೋಗುತ್ತದೆ.’ ಈ ಭಯ ಬುಡವಿಲ್ಲದ್ದಲ್ಲ, ಆದರೆ ಕಾರಣ ತಿರುವುಮುರುವಾಗಿದೆ. ಗೇರು ಜಾರಲು ಶುರುವಾದ ಮೇಲೆ, ಸುಟ್ಟ ವಾಸನೆ ಬಂದ ಮೇಲೆ ಹಲವರು ಎಣ್ಣೆಯ ಯೋಚನೆ ಮಾಡುತ್ತಾರೆ. ಅಷ್ಟರಲ್ಲಿ ಕ್ಲಚ್ ಸವೆದು ಮುಗಿದಿರುತ್ತದೆ. ಮುಂದೆ ಅದು ಕೈಕೊಟ್ಟಾಗ ದೂರು ಹೊಸ ಎಣ್ಣೆಯ ಮೇಲೆ ಬೀಳುತ್ತದೆ. ಈಗಾಗಲೇ ಜಾರುತ್ತಿರುವ ಗೇರ್‌ಬಾಕ್ಸಿಗೆ ಎಣ್ಣೆ ಬದಲಾವಣೆ ಔಷಧಿಯಲ್ಲ, ಆ ಹಣ ಉಳಿಸಿಕೊಳ್ಳಿ. ಸರಿಯಾಗಿ ಓಡುತ್ತಿರುವುದಕ್ಕೆ ತುಸು ತುಸುವೇ ಬದಲಿಸುವುದು ಕ್ಷೇಮ. ಎಣ್ಣೆ ಇಳಿಸುವ ತಳದ ಪ್ಲಗ್ಗಿನಿಂದ ಬರುವುದು ಒಟ್ಟು ಎಣ್ಣೆಯ ಸುಮಾರು ಮೂರನೇ ಒಂದು ಪಾಲು ಮಾತ್ರ, ಉಳಿದದ್ದು ಕನ್ವರ್ಟರ್, ಕೂಲರ್ ಮತ್ತು ಒಳದಾರಿಗಳಲ್ಲಿ ನಿಂತಿರುತ್ತದೆ. ಹಾಗಾಗಿ ಒಮ್ಮೆ ಬದಲಿಸಿದರೆ ಮೂರರಲ್ಲಿ ಎರಡು ಪಾಲು ಹಳತೇ ಇರುತ್ತದೆ. ಮಧ್ಯೆ ಕೆಲವು ನೂರು ಕಿಲೋಮೀಟರ್ ಓಡಿಸಿ ಮೂರು ಸಲ ಮಾಡಿದರೆ ನೂರರಲ್ಲಿ ಸುಮಾರು 70 ಭಾಗ ಹೊಸದಾಗುತ್ತದೆ. ಯಂತ್ರ ಹಚ್ಚಿ ಒತ್ತಡದಲ್ಲಿ ತೊಳೆಯುವ ಫ್ಲಶ್ಶನ್ನು ಹಳೆಯ ಗಾಡಿಗೆ ನಾನು ಸೂಚಿಸುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಹೈಲಕ್ಸಿಗೆ ಬೇಕಾದದ್ದು ಟೊಯೊಟಾ ಎಟಿಎಫ್ ಡಬ್ಲ್ಯೂಎಸ್, ಅಥವಾ ಆ ಗುಣಮಟ್ಟಕ್ಕೆ ಹೊಂದುತ್ತದೆಂದು ಡಬ್ಬದ ಮೇಲೆ ಸ್ಪಷ್ಟವಾಗಿ ಬರೆದಿರುವುದು. ಇದು ತೆಳು ಎಣ್ಣೆ. ಅಂಗಡಿಯವರು ‘ಎಲ್ಲ ಗಾಡಿಗೂ ಆಗುತ್ತೆ’ ಎಂದು ಕೊಡುವ ಹಳೆಯ ಡೆಕ್ಸ್‌ರಾನ್ 3 ಅದಕ್ಕೆ ಬದಲಿಯಲ್ಲ, ಸಿವಿಟಿ ಎಣ್ಣೆಯಂತೂ ಬೇಡವೇ ಬೇಡ. ಬೇರೆ ಕಂಪನಿಯ ಪಿಕಪ್ ಆದರೆ ಅದರ ಪುಸ್ತಕ ಹೇಳಿದ್ದನ್ನೇ ತನ್ನಿ. ಗಾಡಿಯನ್ನು ನಾಲ್ಕೂ ಕಡೆ ಸ್ಟ್ಯಾಂಡ್ ಮೇಲೆ ಸಮಮಟ್ಟದಲ್ಲಿ ಕೂರಿಸಿ. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ. ಮುಂದಿನ ಚಕ್ರ ಮಾತ್ರ ಎತ್ತಿದರೆ ಜಾಗವೇನೋ ಸಿಗುತ್ತದೆ, ಮಟ್ಟ ಸುಳ್ಳು ಹೇಳುತ್ತದೆ. ತಳದ ಪ್ಲಗ್ ಮುಟ್ಟುವ ಮೊದಲು ಪಕ್ಕದ ತುಂಬುವ ಪ್ಲಗ್ ಬಿಚ್ಚಿ ನೋಡಿ. ಅದು ಹಿಡಿದುಕೊಂಡಿದ್ದರೆ ಎಣ್ಣೆಯಿಲ್ಲದ ಗಾಡಿ ಅಂಗಳದಲ್ಲೇ ಉಳಿಯುತ್ತದೆ, ಎಳೆಸಿಕೊಂಡು ಹೋಗಬೇಕಾಗುತ್ತದೆ. ಎಣ್ಣೆಯನ್ನು ಗುರುತು ಹಾಕಿದ ಪಾತ್ರೆಗೆ ಇಳಿಸಿ. ಗುಲಾಬಿ ಮಜ್ಜಿಗೆಯಂತಿದ್ದರೆ ಕೂಲಂಟ್ ಬೆರೆತಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ. ಪ್ಯಾನ್ ಇಳಿಸಿದವರು ಅಯಸ್ಕಾಂತಗಳನ್ನು ನೋಡಿ: ಬೂದುಬಣ್ಣದ ನುಣ್ಣನೆಯ ಕೆಸರು ಸಹಜ, ಬೆರಳಿಗೆ ಚುಚ್ಚುವ ಚೂರುಗಳು ಸಹಜವಲ್ಲ. ಆಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಪ್ಲಗ್ ಕೂರಿಸಿ, ಇಳಿದಷ್ಟು ಎಣ್ಣೆಗೆ ಅರ್ಧ ಲೀಟರ್ ಸೇರಿಸಿ ಕೈಪಂಪಿನಿಂದ ತುಂಬಿ.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಅಳೆದೇ ಹಾಕಿದ್ದೇನಲ್ಲ ಎಂಬುದು ಅವರ ವಾದ. ಮೊದಲನೆಯದಾಗಿ, ಮುಂಚೆ ಇದ್ದ ಮಟ್ಟ ಸರಿಯಿತ್ತೆಂದು ಯಾರು ಹೇಳಿದರು? ಎಲ್ಲಿಂದಲಾದರೂ ಸೋರಿದ್ದರೆ, ಹಿಂದೆ ಯಾರೋ ಅಂದಾಜಿಗೆ ಸುರಿದಿದ್ದರೆ, ನೀವು ಅದೇ ತಪ್ಪನ್ನು ಹೊಸ ಎಣ್ಣೆಯಲ್ಲಿ ಮತ್ತೆ ಮಾಡುತ್ತಿದ್ದೀರಿ. ಎರಡನೆಯದಾಗಿ, ಈ ಎಣ್ಣೆ ಬಿಸಿಗೆ ಹಿಗ್ಗುತ್ತದೆ, ಡಿಗ್ರಿಯೊಂದಕ್ಕೆ ಸಾವಿರ ಪಾಲಿನಲ್ಲಿ ಮುಕ್ಕಾಲು ಪಾಲಿನಷ್ಟು. ಒಟ್ಟು ಹತ್ತು ಲೀಟರ್ ಹಿಡಿಯುವ ಪೆಟ್ಟಿಗೆ ಎಂದಿಟ್ಟುಕೊಂಡರೆ, 40 ಡಿಗ್ರಿಯಿಂದ 90ಕ್ಕೆ ಏರುವಾಗ ಮುನ್ನೂರೈವತ್ತರಿಂದ ನಾನೂರು ಮಿಲಿಯಷ್ಟು ಹೆಚ್ಚುತ್ತದೆ. ಓಡಿಸಿ ಬಂದ ಕೂಡಲೇ ಓವರ್‌ಫ್ಲೋ ಬಿಚ್ಚಿದರೆ ಹಿಗ್ಗಿದ ಎಣ್ಣೆ ಹರಿದುಹೋಗಿ, ತಣ್ಣಗಾದಾಗ ಅಷ್ಟು ಕೊರತೆ ಬೀಳುತ್ತದೆ. ಪಂಪು ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತ ಬಿಸಿಯಾಗುತ್ತದೆ. ತೀರ ತಣ್ಣಗಿರುವಾಗ ಮಟ್ಟ ಹಿಡಿದರೆ ಇದರ ತದ್ವಿರುದ್ಧ: ಬಿಸಿಯೇರಿದಾಗ ತಿರುಗುವ ಭಾಗಗಳಿಗೆ ಎಣ್ಣೆ ತಾಗಿ ನೊರೆಯೇಳುತ್ತದೆ, ಉಸಿರುನಳಿಕೆಯಿಂದ ಹೊರಚಿಮ್ಮಲೂಬಹುದು. ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ. ಹೆಚ್ಚಾದರೂ ಕಡಿಮೆಯಾದರೂ ಕೊನೆಗೆ ಸುಡುವುದು ಅದೇ ಕ್ಲಚ್.

ಆದ್ದರಿಂದ ಕ್ರಮ ಹೀಗೆ. ಗಾಲಿಗೆ ಅಡ್ಡ ಕೊಟ್ಟು, ಪಾರ್ಕಿಂಗ್ ಬ್ರೇಕ್ ಎಳೆದು, ಎಸಿ ಆರಿಸಿ ಎಂಜಿನ್ ಚಾಲೂ ಮಾಡಿ. ಒಬ್ಬರು ಬ್ರೇಕ್ ಒತ್ತಿಕೊಂಡೇ ಲಿವರನ್ನು ಪಿ ಸ್ಥಾನದಿಂದ ಡಿ ವರೆಗೆ, ಪ್ರತಿಯೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸುತ್ತ ಒಯ್ದು ಮತ್ತೆ ಪಿಗೆ ತರಲಿ, ಒಳದಾರಿಗಳು ತುಂಬಿಕೊಳ್ಳಲಿ. ಓಬಿಡಿ ಸ್ಕ್ಯಾನರಿನಲ್ಲಿ ಗೇರ್‌ಬಾಕ್ಸ್ ಎಣ್ಣೆಯ ಬಿಸಿ ನೋಡುತ್ತಿರಿ. ಇಂಥ ಪೆಟ್ಟಿಗೆಗಳಲ್ಲಿ ಅದು 40 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಕೆಳಮಿತಿ ಮೇಲ್ಮಿತಿ ನಿಮ್ಮ ಗಾಡಿಯ ವರ್ಕ್‌ಶಾಪ್ ಪುಸ್ತಕದಲ್ಲಿರುತ್ತದೆ. ಆ ಬಿಸಿಗೆ ಬಂದಾಗ, ಎಂಜಿನ್ ಓಡುತ್ತಿರುವಂತೆಯೇ, ಸೈಲೆನ್ಸರಿನಿಂದ ಕೈ ದೂರವಿಟ್ಟು ಓವರ್‌ಫ್ಲೋ ಪ್ಲಗ್ ತೆಗೆಯಿರಿ. ಮೊದಲು ಬರುವ ಒಂದಿಷ್ಟು ಎಣ್ಣೆ ಒಳಗಿನ ಕೊಳವೆಯಲ್ಲಿ ನಿಂತದ್ದಿರಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಷ್ಟಕ್ಕೇ ನಿಂತುಹೋದರೆ ಪ್ಲಗ್ ಮುಚ್ಚಿ ಇನ್ನಷ್ಟು ತುಂಬಿ ಮತ್ತೆ ನೋಡಿ. ಧಾರೆಯಾಗಿ ಹರಿದರೆ ಕಾಯಿರಿ. ಧಾರೆ ಸಣ್ಣಗಾಗಿ, ಕಡಿದು, ಹನಿಯಾಗಿ ತೊಟ್ಟಿಕ್ಕತೊಡಗಿದ ಕ್ಷಣ ಪ್ಲಗ್ ಹಾಕಿ. ಅಷ್ಟರಲ್ಲಿ ಬಿಸಿ ಮೇಲ್ಮಿತಿ ದಾಟಿದ್ದರೆ ಆ ಅಳತೆ ಲೆಕ್ಕಕ್ಕಿಲ್ಲ, ತಣಿಸಿ ಮತ್ತೆ ಮಾಡಬೇಕು.

ನಮ್ಮ ಹವೆಯಲ್ಲಿ ಇದಕ್ಕೊಂದು ತೊಡಕಿದೆ. ಏಪ್ರಿಲ್ ಮಧ್ಯಾಹ್ನ ರಾಯಚೂರು, ಕಲಬುರಗಿಗಳಲ್ಲಿ ಗಾಡಿ ಚಾಲೂ ಮಾಡುವ ಮೊದಲೇ ಎಣ್ಣೆ 40 ಡಿಗ್ರಿಯಲ್ಲಿರುತ್ತದೆ, ಲಿವರ್ ಆಡಿಸುವಷ್ಟರಲ್ಲಿ ಮಿತಿ ಮೀರಿರುತ್ತದೆ. ಅಲ್ಲಿನವರು ಸಂಜೆ ಎಣ್ಣೆ ಇಳಿಸಿ ತುಂಬಿ, ರಾತ್ರಿ ಗಾಡಿ ಕದಲಿಸದೆ ಬಿಟ್ಟು, ಬೆಳಕು ಹರಿಯುವಾಗ ಮಟ್ಟ ಹಿಡಿಯುವುದೇ ಸರಿ. ಮಡಿಕೇರಿಯ ಚಳಿಗಾಲದಲ್ಲಾದರೆ ಅದೇ ಬಿಸಿಗೆ ಬರಲು ತುಂಬ ಹೊತ್ತು ಕಾಯಬೇಕು, ಅವಸರಪಟ್ಟು ಎಕ್ಸಲರೇಟರ್ ಒತ್ತಬೇಡಿ. ಸ್ಕ್ಯಾನರ್ ಇಲ್ಲದವರು ಲೇಸರ್ ಥರ್ಮಾಮೀಟರ್ ಹಿಡಿಯುತ್ತಾರೆ. ಅದು ತೋರಿಸುವುದು ಪ್ಯಾನಿನ ಹೊರಮೈಯ ಬಿಸಿಯನ್ನು, ಒಳಗಿನ ಎಣ್ಣೆ ಅದಕ್ಕಿಂತ ಬಿಸಿಯಿರಬಹುದು. ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೇ.

ಉಳಿದದ್ದು ಚುಟುಕಾಗಿ. ಪ್ಲಗ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಪುಸ್ತಕದ ಅಳತೆಗೆ ಬಿಗಿಯಿರಿ, ಅಲ್ಯೂಮಿನಿಯಮ್ ಮರೆ ಕಿತ್ತರೆ ಖರ್ಚು ದೊಡ್ಡದು. ವಾರಂಟಿ ಇರುವ ಗಾಡಿಗೆ ಕೈ ಹಾಕಬೇಡಿ. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯುವುದು, ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವುದು ಬೇಡ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಡಬ್ಬದಲ್ಲಿ ಮುಚ್ಚಿ ಅಧಿಕೃತ ಸಂಗ್ರಹಕಾರರಿಗೆ ತಲುಪಿಸುವ ಗ್ಯಾರೇಜಿಗೆ ಕೊಡಿ. ಇಷ್ಟೆಲ್ಲ ನನ್ನಿಂದಾಗದು ಎನ್ನುವವರು ಗ್ಯಾರೇಜಿಗೇ ಹೋಗಿ, ಆದರೆ ಎಷ್ಟು ಡಿಗ್ರಿಯಲ್ಲಿ ಮಟ್ಟ ಹಿಡಿದಿರಿ ಎಂದು ಕೇಳಿ. ಉತ್ತರ ಬಾರದಿದ್ದರೆ ಗಾಡಿಯನ್ನು ಬೇರೆ ಕಡೆ ಒಯ್ಯಿರಿ.