ನಿನ್ನ ಸಂಬಳವನ್ನೂ ಲೆಕ್ಕಕ್ಕೆ ಹಿಡಿ, ಮಗಳೇ

ಮಗಳೇ,

ನೀನೂ ಅಳಿಯಂದಿರೂ ಸೇರಿ ಕಳಿಸಿದ ಲೆಕ್ಕದ ಹಾಳೆ ನೋಡಿದೆ. ಎಡಗಡೆ ಶಿಕಾಗೋ ಪಕ್ಕದ ನಮ್ಮ ಎಲ್ಕ್ ಗ್ರೋವ್ ವಿಲೇಜು, ಬಲಗಡೆ ಮಿಶಿಗನ್ನಿನಲ್ಲಿ ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್. ಬಾಡಿಗೆ, ಮನೆ ಸಾಲದ ಕಂತು, ತೆರಿಗೆ, ಡೇಕೇರು, ಕಾರಿನ ಇನ್ಶೂರೆನ್ಸು, ಒಂದನ್ನೂ ಬಿಟ್ಟಿಲ್ಲ. ಎಡಗಡೆ ಇಬ್ಬರ ಸಂಬಳವೂ ಇದೆ. ಬಲಗಡೆ ಅಳಿಯಂದಿರ ಹೊಸ ಸಂಬಳ ಅಂಕಿಯಲ್ಲಿದೆ. ನಿನ್ನ ಹೆಸರಿನ ಮುಂದೆ ಮಾತ್ರ ‘ಆಮೇಲೆ ಸಿಗುತ್ತೆ’ ಎಂದಿದೆ. ಹಾಗೆ ಬರೆದವಳು ನೀನೇ ಇರಬೇಕು. ಶಾಲಾ ಜಿಲ್ಲೆಯ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಲೇ ನೌಕರಿ ಮುಗಿಸಿದವಳು ನಾನು. ಖಾಲಿ ಕಾಲಂ ಕಂಡರೆ ಕಣ್ಣು ಮುಂದೆ ಹೋಗುವುದಿಲ್ಲ. ಆ ಕಾಲಂ ತುಂಬುವ ತನಕ ಊರು ಬಿಡಬೇಡಿ ಎನ್ನುವುದಷ್ಟೇ ನನ್ನ ಮಾತು. ಯಾಕೆಂದು ಹೇಳುತ್ತೇನೆ.

ಮೊದಲು ಆ ಊರು ಎಷ್ಟು ಅಗ್ಗ ಎಂದು ನೋಡೋಣ. ಡೆಟ್ರಾಯ್ಟ್ ಅಗ್ಗ ಎಂದು ಜನ ಹೇಳುವುದು ಡೆಟ್ರಾಯ್ಟ್ ನಗರದ ಮನೆ ಬೆಲೆ ನೋಡಿ. ನಮ್ಮವರು ಹೋಗಿ ನೆಲೆಸುವುದು ಕ್ಯಾಂಟನ್, ನೋವೈ, ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್ ಕಡೆ. ಒಳ್ಳೆಯ ಶಾಲೆಯ ಪಕ್ಕದ ಮನೆಗೆ ನಗರದ ಸರಾಸರಿ ಬೆಲೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ರಾಜ್ಯದ ಆದಾಯ ತೆರಿಗೆ ನಮ್ಮ ಇಲಿನಾಯ್‌ನಲ್ಲಿ ಶೇ. 4.95, ಅಲ್ಲಿ ಶೇ. 4.25. ಒಂದು ಲಕ್ಷ ಡಾಲರಿಗೆ 700 ಡಾಲರ್ ಉಳಿಯಿತು ಎಂದು ಬರೆದಿದ್ದೀರಿ, ಸರಿ. ಆದರೆ ಅಳಿಯಂದಿರ ಕಚೇರಿ ಡೆಟ್ರಾಯ್ಟ್ ನಗರದ ಗಡಿಯೊಳಗಿದ್ದರೆ, ಹೊರಗಿನಿಂದ ಬಂದು ದುಡಿಯುವವರಿಗೂ ಅಲ್ಲಿ ಶೇ. 1.2 ನಗರ ತೆರಿಗೆ ಇದೆ. ಲಕ್ಷಕ್ಕೆ 1,200 ಡಾಲರ್. ಉಳಿದ 700 ಅಲ್ಲಿಗೇ ಹೋಯಿತು. ಕಚೇರಿಯ ವಿಳಾಸ ಸರಿಯಾಗಿ ಕೇಳಿಕೊಳ್ಳಿ.

ಇನ್ನು ಮನೆಯ ತೆರಿಗೆ. ನೀನು ಕಳಿಸಿದ ಆ ನಾಲ್ಕು ಬೆಡ್‌ರೂಮಿನ ಮನೆಯ ಜಾಹೀರಾತಿನಲ್ಲಿ ತೋರಿಸಿರುವ ತೆರಿಗೆ ಈಗಿನ ಮಾಲೀಕರದು, ನಿಮಗೆ ಅಷ್ಟೇ ಬೀಳುತ್ತದೆ ಎಂದುಕೊಳ್ಳಬೇಡ. ಮಿಶಿಗನ್ನಿನಲ್ಲಿ 1994ರಲ್ಲಿ ಮತದಾರರು ಒಪ್ಪಿದ ‘ಪ್ರೊಪೋಸಲ್ ಎ’ ಎಂಬ ಕಟ್ಟಳೆಯಿದೆ. ಮನೆ ಒಬ್ಬರ ಕೈಯಲ್ಲೇ ಇರುವಷ್ಟು ಕಾಲ, ತೆರಿಗೆ ಹಾಕುವ ಮೌಲ್ಯ ವರ್ಷಕ್ಕೆ ಹಣದುಬ್ಬರದಷ್ಟು ಅಥವಾ ಶೇ. 5, ಯಾವುದು ಕಡಿಮೆಯೋ ಅಷ್ಟು ಮಾತ್ರ ಏರುತ್ತದೆ. ಮಾರಾಟವಾದ ಮರುವರ್ಷ ಆ ಮಿತಿ ಹೋಗಿ, ಮೌಲ್ಯ ಪೇಟೆ ಬೆಲೆಯ ಅರ್ಧದಷ್ಟಕ್ಕೆ ಬಂದು ನಿಲ್ಲುತ್ತದೆ. ಉದಾಹರಣೆಗೆ 4 ಲಕ್ಷ ಡಾಲರಿನ ಮನೆ ಎಂದುಕೋ. ಬಹಳ ವರ್ಷದಿಂದ ಇರುವ ಮಾಲೀಕರಿಗೆ ಮೌಲ್ಯ 1 ಲಕ್ಷ 10 ಸಾವಿರದಲ್ಲೇ ಇರಬಹುದು. ಸಾವಿರಕ್ಕೆ 40 ಡಾಲರಿನಂತೆ ಹಿಡಿದರೆ ಅವರು ಕಟ್ಟುವುದು 4,400. ನಿಮ್ಮ ಕೈಗೆ ಬಂದ ಮರುವರ್ಷ ಮೌಲ್ಯ 2 ಲಕ್ಷ, ತೆರಿಗೆ 8,000. ತೆರಿಗೆಗೆಂದು ಕೂಡಿಡುವ ಎಸ್ಕ್ರೋ ಖಾತೆಯಲ್ಲಿ ಹಣ ಸಾಲದು ಎಂದು ಬ್ಯಾಂಕಿನವರು ತಿಂಗಳ ಕಂತು ಏರಿಸುತ್ತಾರೆ. ನಮ್ಮ ಕುಕ್ ಕೌಂಟಿಯ ತೆರಿಗೆ ಜಾಸ್ತಿ, ಮೂರು ವರ್ಷಕ್ಕೊಮ್ಮೆ ಮರುಮೌಲ್ಯಮಾಪನದ ತಲೆನೋವೂ ಉಂಟು, ಒಪ್ಪುತ್ತೇನೆ. ಆದರೂ ಹಾಳೆಯ ಬಲಗಡೆ ಈಗಿನ ಮಾಲೀಕರ ತೆರಿಗೆ ಹೊಡೆದು ಹಾಕಿ, ನಿಮಗೆ ಬೀಳುವ ತೆರಿಗೆ ಬರೆಯಿರಿ.

ಕಾರಿನ ಇನ್ಶೂರೆನ್ಸಿಗೆ ಇಲ್ಲಿಯ ಮೊತ್ತವನ್ನೇ ಎರಡೂ ಕಡೆ ಹಾಕಿದ್ದೀರಿ. ಮಿಶಿಗನ್ನಿನ ‘ನೋ-ಫಾಲ್ಟ್’ ಪದ್ಧತಿ ಬೇರೆಯದೇ. 2019ರಲ್ಲಿ ಕಾನೂನು ತಿದ್ದಿ, ಮರುವರ್ಷ ಜುಲೈನಿಂದ ವೈದ್ಯಕೀಯ ವೆಚ್ಚದ ಮಿತಿಯನ್ನು ನಾವೇ ಆರಿಸಿಕೊಳ್ಳುವ ಹಾಗೆ ಮಾಡಿದ್ದಾರೆ, ಆದರೂ ಅದು ದುಬಾರಿ ರಾಜ್ಯವೇ. ಕ್ಯಾಂಟನ್ನಿನ ವಿಳಾಸ ಕೊಟ್ಟು ಎರಡು ಕಾರಿಗೆ ಕೋಟ್ ತರಿಸಿ. ಅಲ್ಲಿ ಎರಡು ಕಾರು ಬೇಕೇ ಬೇಕು. ಇಲ್ಲಿ ನೀನು ಐಟಾಸ್ಕಾದಲ್ಲಿ ಕಾರು ನಿಲ್ಲಿಸಿ ಮೆಟ್ರಾ ಹತ್ತಿ ಶಿಕಾಗೋ ಡೌನ್‌ಟೌನಿಗೆ ಹೋಗುತ್ತೀಯ. ಡೆಟ್ರಾಯ್ಟಿನ ಸುತ್ತ ಅಂಥ ಉಪನಗರ ರೈಲಿಲ್ಲ.

ಇಷ್ಟೆಲ್ಲ ತಿದ್ದಿದ ಮೇಲೂ ಮನೆ ಬೆಲೆಯಲ್ಲಿ ಆ ಊರು ಸ್ವಲ್ಪ ಅಗ್ಗವೇ ಉಳಿಯಬಹುದು. ಕನ್ನಡಕ್ಕೂ ಅಲ್ಲಿ ಕೊರತೆಯಿಲ್ಲ. ಇಲ್ಲಿ ವಿದ್ಯಾರಣ್ಯ ಕನ್ನಡ ಕೂಟ ಇದ್ದರೆ ಅಲ್ಲಿ ಪಂಪ ಕನ್ನಡ ಕೂಟ. ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನ ಶಿಕಾಗೋಗೆ ಬಂದದ್ದು 2008ರಲ್ಲಿ, ಡೆಟ್ರಾಯ್ಟಿನಲ್ಲಿ 2002ರಲ್ಲೇ ಆಗಿತ್ತು. ನೋವೈನಲ್ಲಿ ವೆಂಕಟೇಶ್ವರ ದೇವಸ್ಥಾನವಿದೆ. ವಾರಕ್ಕೆರಡು ದಿನ ಪಾಪು ನಮ್ಮ ಮನೆಯಲ್ಲಿರುತ್ತಾನಲ್ಲ, ಅದನ್ನೂ ನಾನು ನನ್ನ ಮಾತಿನ ಪರವಾಗಿ ಹಿಡಿಯುವುದಿಲ್ಲ. ನಮ್ಮ ಮುಖ ನೋಡಿಕೊಂಡು ನೀವು ಇಲ್ಲಿ ಉಳಿಯುವುದು ಬೇಡ.

ನನ್ನನ್ನು ತಡೆಯುತ್ತಿರುವುದು ಬೇರೆ. 2001ರ ಕೊನೆಯಲ್ಲಿ ನಿಮ್ಮ ದೊಡ್ಡಪ್ಪನ ಕೆಲಸ ಹೋಯಿತು. ಆಗ ನನ್ನ ಸಂಬಳ ಅವರದರ ಅರ್ಧವೂ ಇರಲಿಲ್ಲ. ಅಷ್ಟರಲ್ಲೇ ಮನೆಯ ಕಂತು ತಪ್ಪಲಿಲ್ಲ, ಹೆಲ್ತ್ ಇನ್ಶೂರೆನ್ಸು ನನ್ನ ಕಚೇರಿಯಿಂದಲೇ ಬಂತು. ಅವರಿಗೆ ಮತ್ತೆ ಕೆಲಸ ಸಿಕ್ಕಿದ್ದು ಇದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ, ಬೇರೆಯದೇ ಉದ್ಯಮದಲ್ಲಿ. ಮನೆ ಬದಲಾಗಲಿಲ್ಲ, ಮಕ್ಕಳ ಶಾಲೆ ಬದಲಾಗಲಿಲ್ಲ. ಓಹೇರ್ ವಿಮಾನಗಳ ಸದ್ದು, ಬಸ್ಸೆ ರಸ್ತೆಯ ಲಾರಿಗಳ ಸಾಲು ಎಂದು ಈ ಊರನ್ನು ಬೈಯುವವರಿದ್ದಾರೆ. ಆ ಲಾರಿಗಳು ಓಡುವುದು ನೂರೆಂಟು ಬಗೆಯ ಕಂಪನಿಗಳಿಗೆ, ಒಂದು ಮುಚ್ಚಿದರೆ ಇನ್ನೊಂದರ ಬಾಗಿಲು ತಟ್ಟಬಹುದು.

ಟ್ರಾಯ್‌ನಲ್ಲಿದ್ದ ನಮ್ಮ ಸ್ನೇಹಿತರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರ ಕೆಲಸವೂ ಕಾರಿನ ಉದ್ಯಮವನ್ನೇ ನೆಚ್ಚಿಕೊಂಡಿತ್ತು. 2009ರಲ್ಲಿ ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದವು. ಬಿಡಿಭಾಗ ಮಾಡುವ ಕಂಪನಿಗಳ ಉಸಿರೂ ಕಟ್ಟಿತು. ಮನೆಯ ಬೆಲೆ ಸಾಲಕ್ಕಿಂತ ಕೆಳಗಿಳಿದು ಮಾರಲೂ ಆಗದೆ, ಗಂಡ ಒಬ್ಬರೇ ಟೆಕ್ಸಾಸಿಗೆ ಹೋಗಿ ದುಡಿದರು. ಆಕೆ ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಉಳಿದಳು. ಡೆಟ್ರಾಯ್ಟ್ ಆಮೇಲೆ ಚೇತರಿಸಿಕೊಂಡಿದೆ. ಆದರೆ ಅಳಿಯಂದಿರ ಆಫರ್ ಬಂದಿರುವುದೂ ಕಾರಿನ ಸಾಫ್ಟ್‌ವೇರ್ ಮಾಡುವ ಕಡೆಯಿಂದಲೇ ಅಲ್ಲವೇ?

ಆಗ ನಮಗಿಲ್ಲದ ಇನ್ನೊಂದು ಗಂಟು ನಿಮ್ಮ ಕಾಲಿಗಿದೆ, ವೀಸಾ. ನಿಮ್ಮಿಬ್ಬರಿಗೂ ಬೇರೆ ಬೇರೆ ಎಚ್-1ಬಿ ಕೆಲಸದ ವೀಸಾ ಇರುವುದು ದೊಡ್ಡ ರಕ್ಷೆ. ಒಬ್ಬರ ಕೆಲಸ ಹೋದರೆ ಗರಿಷ್ಠ 60 ದಿನ ಅವಕಾಶ. ಬೇರೆ ಕೆಲಸ ಸಿಗದಿದ್ದರೆ ಅಷ್ಟರೊಳಗೇ ಇನ್ನೊಬ್ಬರ ಎಚ್-1ಬಿ ಆಸರೆಯಲ್ಲಿ ಅವಲಂಬಿತರ ಎಚ್-4ಕ್ಕೆ ಅರ್ಜಿ ಹಾಕಿ ಇಲ್ಲೇ ಉಳಿಯಬಹುದು. ನೀನು ರಾಜೀನಾಮೆ ಕೊಟ್ಟು ಎಚ್-4ರಲ್ಲಿ ಅವರ ಹಿಂದೆ ಹೋದರೆ ಆ ರಕ್ಷೆ ಹೋಯಿತು. ಅವರ ಕೆಲಸಕ್ಕೆ ಏನಾದರೂ ಆದರೆ ಮೂರೂ ಜನ ಆ 60 ದಿನದೊಳಗೇ ದಾರಿ ಹುಡುಕಬೇಕು, ಅದೂ ಹೊಸದಾಗಿ ಕೊಂಡ ಮನೆಯ ಸಾಲ ಹೊತ್ತುಕೊಂಡು.

‘ಮ್ಯಾನೇಜರ್ ಮನೆಯಿಂದಲೇ ಕೆಲಸ ಮಾಡು ಅಂದಿದ್ದಾರೆ’ ಎಂದು ನೀನು ಫೋನಿನಲ್ಲಿ ಹೇಳಿದೆ. ಬಾಯಿಮಾತು ಸಾಲದು. ಶಿಕಾಗೋ ಮಹಾನಗರ ವಲಯದ ಹೊರಗೆ ಕೆಲಸದ ಜಾಗ ಬದಲಾದರೆ, ಕಂಪನಿ ಮೊದಲೇ ಎಚ್-1ಬಿ ತಿದ್ದುಪಡಿ ಅರ್ಜಿ ಸಲ್ಲಿಸಬೇಕು. ಸಿಮಿಯೋ ಎಂಬ ವೀಸಾ ಪ್ರಕರಣದ 2015ರ ತೀರ್ಪಿನಿಂದ ಇದು ಖಚಿತವಾಗಿದೆ. ಮಿಶಿಗನ್ನಿನಲ್ಲಿ ಸಂಬಳ ಕೊಡಲು ಆ ಕಂಪನಿ ಅಲ್ಲಿ ನೋಂದಾಯಿಸಿಕೊಂಡಿರಬೇಕು. ಊರು ನೋಡಿ ಸಂಬಳ ಇಳಿಸುತ್ತಾರೆಯೇ ಎಂಬುದನ್ನೂ ಈಮೇಲಿನಲ್ಲಿ ಬರೆಸಿಕೋ. ಅಳಿಯಂದಿರ ಗ್ರೀನ್ ಕಾರ್ಡಿಗೂ ಹೊಸ ಕಂಪನಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಈಗಿನ ಕಂಪನಿಯ ಐ-140 ಅರ್ಜಿ ಮಂಜೂರಾಗಿರುವುದರಿಂದ ಸರದಿಯ ತಾರೀಖು ಉಳಿಯುತ್ತದೆ, ಅಷ್ಟು ನೆಮ್ಮದಿ.

ಬೆಂಗಳೂರಿನ ಬಾಡಿಗೆ ತಡೆಯಲಾರದೆ ಮೈಸೂರಿಗೆ ಹೋದ ನಿನ್ನ ಅಣ್ಣನ ಉದಾಹರಣೆಯನ್ನೂ ನೀನು ಕೊಟ್ಟೆ. ಅವನಿಗೆ ಬೇಕೆಂದರೆ ಬೆಳಗಿನ ರೈಲಿದೆ, 140 ಕಿಲೋಮೀಟರು, ಸಂಜೆ ಮನೆಗೆ ಬರುತ್ತಾನೆ. ನಿನಗೆ ಕ್ಯಾಂಟನ್ನಿನಿಂದ ಶಿಕಾಗೋಗೆ ಐ-94ರಲ್ಲಿ ನಾಲ್ಕೂವರೆ ತಾಸಿನ ದಾರಿ. ಎರಡು ಊರನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ.

ಹಾಗಾದರೆ ಯಾವಾಗ ಹೋಗಬಹುದು? ನಿನ್ನ ಕಂಪನಿ ತಿದ್ದುಪಡಿ ಅರ್ಜಿ ಹಾಕಿ ಕಾಗದದಲ್ಲಿ ಒಪ್ಪಿದರೆ ಹೋಗಿ. ಅಥವಾ ಅಲ್ಲಿಯ ಕಂಪನಿಯೊಂದು ನಿನ್ನ ಎಚ್-1ಬಿಯನ್ನು ವಹಿಸಿಕೊಂಡರೆ ಹೋಗಿ. ಅದು ಕಾರಿನ ಉದ್ಯಮದ ಹೊರಗಿನದಾದರೆ, ಆಸ್ಪತ್ರೆಯೋ ವಿಶ್ವವಿದ್ಯಾಲಯವೋ ಆದರೆ, ಇನ್ನೂ ಒಳ್ಳೆಯದು. ಹೋದ ಮೇಲೂ ಒಂದು ವರ್ಷ ಬಾಡಿಗೆ ಮನೆಯಲ್ಲಿರಿ. ಇವೆರಡರಲ್ಲಿ ಒಂದೂ ಆಗದಿದ್ದರೆ ಈ ವರ್ಷ ಬೇಡ, ಇಲ್ಲಿಯ ಲೀಸನ್ನೇ ಮುಂದುವರಿಸಿ. ನೀನು ಎಂಜಿನಿಯರಿಂಗ್ ಓದಿ, ಲಾಟರಿಯಲ್ಲಿ ಎಚ್-1ಬಿ ಪಡೆದು, ಕೂಸನ್ನು ಎತ್ತಿಕೊಂಡೇ ಉಳಿಸಿಕೊಂಡ ಕೆಲಸ ಅದು. ಮನೆಯಲ್ಲಿ ಹೊಂದಾಣಿಕೆ ಬೇಕಾದಾಗಲೆಲ್ಲ ಮೊದಲು ಬಿಡುವುದು ಹೆಣ್ಣುಮಗಳ ಕೆಲಸವೇ ಆಗಬೇಕೆಂದು ಯಾರೂ ಬರೆದಿಟ್ಟಿಲ್ಲ.

ಇದನ್ನು ಅಳಿಯಂದಿರಿಗೂ ಓದಿಸು, ಅವರು ತಿಳಿದವರು. ಆಫರಿಗೆ ಉತ್ತರ ಕೊಡಲು ಎರಡು ವಾರದ ಗಡುವು ಕೇಳಲಿ, ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಅಷ್ಟರೊಳಗೆ ನೀನು ನಿನ್ನ ಕಂಪನಿಯ ಎಚ್‌ಆರ್‌ನವರ ಹತ್ತಿರ ಮಾತಾಡು, ವೀಸಾ ವಕೀಲರನ್ನು ಇಬ್ಬರೂ ಕೂಡಿ ಕಾಣಿ. ಆಮೇಲೆ ಆ ಹಾಳೆಯನ್ನು ಮತ್ತೆ ಕಳಿಸು, ನೋಡುತ್ತೇನೆ.

ನಿನ್ನ ದೊಡ್ಡಮ್ಮ